ಭೂಕಂಪದ ವಿಮೆ: ನಮ್ಮ ಜಿಲ್ಲೆಯ ಮನೆಗೆ ಬೇಕೆ?

ಸಂಪಾದಕರಿಗೆ,

ಮಾನ್ಯರೇ,

ಎಲ್ಲೋ ಭೂಮಿ ನಡುಗಿದ ಸುದ್ದಿ ಬಂದ ವಾರ ‘ನಮ್ಮ ಮನೆಗೂ ಭೂಕಂಪದ ವಿಮೆ ಮಾಡಿಸಬೇಕೆ?’ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಮುಂದಿನ ವಾರ ಅದನ್ನು ಎಲ್ಲರೂ ಮರೆತಿರುತ್ತಾರೆ. ಮನೆ ಕಟ್ಟಿಸುವ ಮತ್ತು ಮನೆ ಹಾನಿಯ ಲೆಕ್ಕ ಹಾಕುವ ಕೆಲಸದಲ್ಲಿರುವ ನಾವು ಕೊಡುವ ಉತ್ತರ ಇಷ್ಟು: ವಿಮೆ ಮಾಡಿಸಿ, ಆದರೆ ಭೂಕಂಪಕ್ಕೆ ಹೆದರಿ ಮಾಡಿಸಬೇಡಿ. ಉತ್ತರ ಕನ್ನಡದಲ್ಲಿ ಮನೆ ಬೀಳಿಸುವುದು ಹೆಚ್ಚಾಗಿ ಗುಡ್ಡ ಮತ್ತು ನೀರು. ಅವೆರಡಕ್ಕೆ ಮಾಡಿಸಿದ ವಿಮೆಯೊಳಗೆ ಭೂಕಂಪ ತಾನಾಗಿ ಬಂದಿರುತ್ತದೆ.

ಭೂಕಂಪಕ್ಕೆಂದೇ ಪ್ರತ್ಯೇಕ ಪಾಲಿಸಿ ಹುಡುಕಿಕೊಂಡು ಹೋಗಬೇಕಾಗಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಆದೇಶದಂತೆ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ಪಾಲಿಸಿ ಕೊಡಬೇಕು. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ಸುನಾಮಿ, ನೆರೆ, ಭೂಮಿ ಕುಸಿತ, ಗುಡ್ಡ ಕುಸಿತ, ಬಂಡೆ ಉರುಳುವುದು ಎಲ್ಲವೂ ಅದರ ಮೂಲ ರಕ್ಷಣೆಯಲ್ಲೇ ಇವೆ. ಅದಕ್ಕೂ ಹಿಂದಿದ್ದ ಅಗ್ನಿ ಪಾಲಿಸಿಯಲ್ಲಿ ಭೂಕಂಪಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಹಳೆಯ ಏಜೆಂಟರು ಕೆಲವರು ಇಂದಿಗೂ ಹಾಗೇ ಹೇಳುವುದುಂಟು. ಮೂಲ ಒಕ್ಕಣೆ ಎಲ್ಲ ಕಂಪನಿಗಳಲ್ಲೂ ಒಂದೇ ಆದ್ದರಿಂದ ಪ್ರೀಮಿಯಂ ಮತ್ತು ಸೇವೆಯನ್ನು ಹೋಲಿಸಿ ನೋಡಿದರೆ ಸಾಕು. ಆದರೆ ಬೇರೆ ಹೆಸರಿನ ಗೃಹ ವಿಮೆಗಳೂ ಮಾರುಕಟ್ಟೆಯಲ್ಲಿವೆ. ಅಗ್ಗದ ದರ ತೋರಿಸಿದರೆ ಭೂಕಂಪ, ನೆರೆ, ಗುಡ್ಡ ಕುಸಿತಗಳನ್ನು ಅದರಿಂದ ತೆಗೆದಿದ್ದಾರೆಯೇ ಎಂದು ಷೆಡ್ಯೂಲ್ ಪುಟ (ಪಾಲಿಸಿಯ ವಿವರಗಳ ಪಟ್ಟಿ) ನೋಡಿ.

ದುಡ್ಡು ಎಷ್ಟು? ಕಟ್ಟಡಕ್ಕೆ ವಿಮಾ ಮೊತ್ತದ ಒಂದು ಲಕ್ಷಕ್ಕೆ ವರ್ಷಕ್ಕೆ ಕೆಲವು ಹತ್ತು ರೂಪಾಯಿಗಳ ಲೆಕ್ಕ, ಮೇಲೆ ಶೇ 18 ಜಿಎಸ್‌ಟಿ. ಇಪ್ಪತ್ತೈದು ಲಕ್ಷದ ಮನೆಗೆ ಕೆಲವು ನೂರರಿಂದ ಸಾವಿರ ಚಿಲ್ಲರೆ. ಬೈಕಿನ ವಿಮೆಗೆ ಕಟ್ಟುವ ಹಣ ಇದು. ದುಬಾರಿ ಎಂಬ ಕಾರಣಕ್ಕೆ ಬಿಡುವ ವಸ್ತುವಲ್ಲ.

ಇನ್ನು ಭೂಕಂಪದ ಅಪಾಯದ ಮಾತು. ಭೂಕಂಪ ತಾಳುವ ಕಟ್ಟಡ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪಟ್ಟಿಯಲ್ಲಿ ಕಾರವಾರ, ಕೈಗಾ, ಮಂಗಳೂರು ವಲಯ 3ರಲ್ಲಿವೆ (ಸಂಖ್ಯೆ ಹೆಚ್ಚಿದಷ್ಟು ಅಪಾಯ ಹೆಚ್ಚು). ಬೆಂಗಳೂರು, ಮೈಸೂರು ವಲಯ 2ರಲ್ಲಿ. ಕಟ್ಟಡ ವಿನ್ಯಾಸಕ್ಕೆ ಹಿಡಿಯುವ ಅಂಶ ಅಲ್ಲಿ 0.10 ಇದ್ದರೆ ಇಲ್ಲಿ 0.16. ಅಂದರೆ ಅದೇ ಮನೆಯನ್ನು ಬೆಂಗಳೂರಿನ ನಕ್ಷೆಯಂತೆ ಇಲ್ಲಿ ಕಟ್ಟಿದರೆ ಅಡ್ಡಬಲಕ್ಕೆ ತಕ್ಕಷ್ಟು ಕಬ್ಬಿಣ ಇಲ್ಲದಿರಬಹುದು. ಕಾರವಾರದಿಂದ ಸುಮಾರು 300 ಕಿಲೋಮೀಟರ್ ಉತ್ತರಕ್ಕಿರುವ ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಆದ ಭೂಕಂಪ ಅಣೆಕಟ್ಟೆಯ ಜಲಾಶಯಕ್ಕೆ ತಳಕು ಹಾಕಿಕೊಂಡದ್ದು. ಹಾಗೆಂದು ನಮ್ಮ ಕಾಳಿ ನದಿಯ ಸೂಪಾ, ಕದ್ರಾ ಅಣೆಕಟ್ಟೆಗಳಿಂದಲೂ ಹಾಗೇ ಆಗುತ್ತದೆಂದು ಹೇಳಲು ಬರುವುದಿಲ್ಲ. ನೀರಿನ ಭಾರದ ಜೊತೆಗೆ ಅಡಿಯಲ್ಲಿ ಒತ್ತಡ ತುಂಬಿದ ಸ್ತರಭಂಗವೂ (ಶಿಲಾಪದರದ ಬಿರುಕು) ಬೇಕು. ಇನ್ನೊಂದು ಕಡೆ, 1993ರ ಸೆಪ್ಟೆಂಬರ್ 30ರಂದು ಭೂಕಂಪಕ್ಕೆ ಸಾವಿರಾರು ಜನ ಸತ್ತ ಮಹಾರಾಷ್ಟ್ರದ ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 2002ರಲ್ಲಿ ಆ ವಲಯವನ್ನೇ ತೆಗೆದು ವಲಯ 2ಕ್ಕೆ ಸೇರಿಸಿದರು. ವಲಯ ನಕ್ಷೆಯನ್ನು ಜಾತಕದಂತೆ ಓದಬಾರದು ಎನ್ನುವುದಕ್ಕೆ ಇಷ್ಟು ಸಾಕು. ನಮ್ಮಲ್ಲಿ ದೊಡ್ಡ ಭೂಕಂಪದ ಸಾಧ್ಯತೆ ಕಡಿಮೆ, ಆದರೆ ಸೊನ್ನೆಯಲ್ಲ. ಇಂಥ ಅಪಾಯಕ್ಕೆ ವಿಮೆ ಅಗ್ಗವಾಗಿ ಸಿಗುವುದೂ ಆ ಕಾರಣಕ್ಕೇ.

ಹೆಚ್ಚು ಸಮಯ ಕೊಟ್ಟು ಓದಬೇಕಾದದ್ದು ಗುಡ್ಡ ಕುಸಿತದ ಕಲಮು. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಈ ಪಟ್ಟಿ ಜಿಲ್ಲೆಯವರಿಗೆ ಬಾಯಿಪಾಠ. ಪಾಲಿಸಿ ಗುಡ್ಡ ಕುಸಿತಕ್ಕೆ ಹಣ ಕೊಡುತ್ತದೆ, ಆದರೆ ಅದೇ ಸಾಲಿನ ಪಕ್ಕದಲ್ಲಿ ಐದು ಸಂದರ್ಭಗಳನ್ನು ಹೊರಗಿಟ್ಟಿದೆ. ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು. ಮಣ್ಣು ತುಂಬಿ ಮಾಡಿದ ನೆಲ ಕೂರುವುದು ಅಥವಾ ಸರಿಯುವುದು. ಕಡಲು ಅಥವಾ ಹೊಳೆಯ ಕೊರೆತ. ಕೆಟ್ಟ ವಿನ್ಯಾಸ, ಕೆಟ್ಟ ಕೆಲಸ, ಕೆಟ್ಟ ಸಾಮಗ್ರಿ. ಕೆಡಹುವ, ಕಟ್ಟುವ, ದುರಸ್ತಿಯ ಅಥವಾ ನೆಲ ಅಗೆಯುವ ಕೆಲಸದಿಂದಾದ ಕುಸಿತ. ಈ ಐದನ್ನೂ ನಮ್ಮ ಜಿಲ್ಲೆಯನ್ನು ನೋಡಿಯೇ ಬರೆದರೇನೋ ಅನ್ನಿಸುವಷ್ಟು ನಮಗೆ ಹೊಂದುತ್ತವೆ.

ಧರೆ (ಮನೆ ಪಕ್ಕದ ಮಣ್ಣಿನ ದಿಬ್ಬ) ಕಡಿದು ಹಿತ್ತಿಲು ಅಗಲ ಮಾಡುವುದು ಘಟ್ಟದ ಮೇಲೂ ಕೆಳಗೂ ಮಾಮೂಲು. ಜೆಸಿಬಿ ಬಂದು ಒಂದು ದಿನದಲ್ಲಿ ಹತ್ತಡಿ ಧರೆಯನ್ನು ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಎರಡನೇ ಮಳೆಗಾಲಕ್ಕೆ ಅದು ಅಡುಗೆಮನೆ ಗೋಡೆಯ ಮೇಲೆ ಬಂದರೆ, ಹಾನಿ ಅಳೆಯಲು ಬರುವ ವಿಮಾ ಸರ್ವೇಯರ್ ಮೊದಲು ಕೇಳುವುದು ‘ಧರೆ ಯಾವಾಗ ಕಡಿಸಿದ್ದು?’ ಎಂದು. ಕಲಮಿನಲ್ಲಿ ‘ಯಾವುದೇ ಆಸ್ತಿ’ಯ ಕೆಲಸ ಎಂದಿರುವುದರಿಂದ ನೆರೆಯವರ ಅಗೆತ, ಹೆದ್ದಾರಿ ಅಗಲೀಕರಣದ ಅಗೆತ ಕೂಡ ವಾದಕ್ಕೆ ಬರುತ್ತದೆ. ಆದ್ದರಿಂದ ಪಾಲಿಸಿ ಪಡೆಯುವ ದಿನವೇ ಧರೆ, ಅದರ ತಲೆಯ ಮೇಲಿನ ನೀರುಗಾಲುವೆ, ತಡೆಗೋಡೆ, ಮನೆಯ ನಾಲ್ಕೂ ಮೂಲೆ ಕಾಣುವಂತೆ ದಿನಾಂಕ ಬೀಳುವ ಫೋಟೊ ತೆಗೆದಿಡಿ. ಪ್ರತಿ ಮೇ ತಿಂಗಳಲ್ಲಿ ಮತ್ತೊಮ್ಮೆ. ತಡೆಗೋಡೆಗೆ ಒಂದೂವರೆ–ಎರಡು ಮೀಟರಿಗೊಂದರಂತೆ 75 ಮಿ.ಮೀ. ಪೈಪು, ಅದರ ಹಿಂದೆ ಜಲ್ಲಿ ಇಲ್ಲದಿದ್ದರೆ ಹಿಂದೆ ನಿಂತ ನೀರೇ ಗೋಡೆಯನ್ನು ತಳ್ಳುತ್ತದೆ. ಆಗ ‘ಕೆಟ್ಟ ವಿನ್ಯಾಸ’ ಎಂದು ಬರೆಯುವುದು ಕಂಪನಿಗೆ ಸುಲಭ.

ಕುಮಟಾ ಕಡೆಯ ಗಜನಿ ಭೂಮಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಕಾಳಿ ಮತ್ತು ಅಘನಾಶಿನಿಯ ಅಳಿವೆಯ ತಗ್ಗಿಗೆ ಕೆಂಪು ಮಣ್ಣು ತುಂಬಿ ಮನೆ ಕಟ್ಟಿದವರಿಗೆ, ಪಾಲಿಸಿ ಹೊರಗಿಟ್ಟ ಎರಡನೆಯ ಸಂದರ್ಭ ಅನ್ವಯಿಸುತ್ತದೆ. ಭೂಕಂಪದಲ್ಲೂ ಇಂಥ ನೆಲವೇ ಹೆಚ್ಚು ಅಲುಗಾಡುವುದು. ನೀರು ಕುಡಿದ ಸಡಿಲ ಮರಳಾದರೆ ಕಂಪನಕ್ಕೆ ಹಿಡಿತ ಬಿಟ್ಟು ಕೆಸರಿನಂತಾಗುತ್ತದೆ. ಭೂಕಂಪದಿಂದ ಗೋಡೆ ಬಿರಿಯಿತೋ, ತುಂಬಿದ ಮಣ್ಣು ಮೊದಲೇ ಕೂತು ಬಿರಿದಿತ್ತೋ ಎಂಬುದೇ ಜಗಳವಾಗುತ್ತದೆ. ಹಳೆಯ ಬಿರುಕಿನ ಅಂಚಿನಲ್ಲಿ ಧೂಳು, ಪಾಚಿ, ಸುಣ್ಣದ ಕಲೆ ಇರುತ್ತದೆ. ಹೊಸದರ ಅಂಚು ಚೂಪಾಗಿ ಶುಭ್ರವಾಗಿರುತ್ತದೆ. ಸರ್ವೇಯರ್ ಟಾರ್ಚ್ ಹಿಡಿದು ನೋಡುವುದು ಅದನ್ನೇ.

ಕಡಲಂಚಿನವರಿಗೆ ಇನ್ನೊಂದು ಮಾತು. ಚಂಡಮಾರುತದ ಅಲೆ ಮನೆಗೆ ನುಗ್ಗಿದರೆ ಹಣ ಉಂಟು. ವರ್ಷಾನುವರ್ಷ ಕಡಲ್ಕೊರೆತವಾಗಿ ಅಡಿಪಾಯವೇ ಹೋದರೆ ಇಲ್ಲ. 1945ರ ನವೆಂಬರಿನಲ್ಲಿ ಇಂದಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯಲ್ಲಾದ ಭೂಕಂಪದ ಸುನಾಮಿ ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟಿತ್ತು, ಹಾಗಾಗಿ ಸುನಾಮಿ ರಕ್ಷಣೆ ಇಲ್ಲಿ ಅಲಂಕಾರಕ್ಕಲ್ಲ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕೆಳಗಿನ ಊರುಗಳು ಮುಳುಗಿದಂಥದ್ದು ನೆರೆಯ ಲೆಕ್ಕ. ಕೈಗಾ ಸುತ್ತಲಿನವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ: ವಿಕಿರಣದಿಂದಾದ ಹಾನಿಯನ್ನು ಈ ಪಾಲಿಸಿ ಸ್ಪಷ್ಟವಾಗಿ ಹೊರಗಿಟ್ಟಿದೆ.

ಎಷ್ಟು ಮೊತ್ತಕ್ಕೆ ಮಾಡಿಸಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಜಾಗದ ಬೆಲೆ ಸೇರಿಸಬೇಡಿ, ಮಾರುಕಟ್ಟೆ ಬೆಲೆ ಹಿಡಿಯಬೇಡಿ. ಕಾರ್ಪೆಟ್ ಏರಿಯಾವನ್ನು ಇಂದು ಅದೇ ಬಗೆಯ ಮನೆ ಮತ್ತೆ ಕಟ್ಟಲು ತಗಲುವ ದರದಿಂದ ಗುಣಿಸಬೇಕು. ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆ ಬಿಟ್ಟು ಒಳಗಿನ ಬಳಸುವ ಜಾಗ, ಒಳಗೋಡೆಗಳೂ ಸೇರಿ. ಬಾಲ್ಕನಿ, ವರಾಂಡ, ತಾರಸಿ, ವಾಹನ ನಿಲ್ಲಿಸುವ ಜಾಗದ ಕಾಲುಭಾಗವನ್ನು ಮಾತ್ರ ಹಿಡಿಯುತ್ತಾರೆ. ಒಳಗೆ 1,000 ಚದರಡಿ, ತೆರೆದ ಜಗಲಿ 200 ಚದರಡಿ ಇದ್ದರೆ 1,000ಕ್ಕೆ 50 ಸೇರಿ 1,050. ಕಟ್ಟುವ ದರ ಚದರಡಿಗೆ ₹2,200 ಎಂದುಕೊಂಡರೆ ವಿಮಾ ಮೊತ್ತ ₹23.10 ಲಕ್ಷ. ಪಾಗಾರ (ಕಾಂಪೌಂಡ್ ಗೋಡೆ), ಗೇಟು, ತಡೆಗೋಡೆ, ನೀರಿನ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಫಲಕ, ಗೋಬರ್ ಗ್ಯಾಸ್ ಘಟಕ ಇವೆಲ್ಲ ಅದೇ ಜಾಗದಲ್ಲಿದ್ದು ಮನೆಯ ಬಳಕೆಗಿದ್ದರೆ ಕಟ್ಟಡದ ಭಾಗವೇ. ಆದರೆ ಅವುಗಳ ಮೌಲ್ಯವನ್ನು ನೀವೇ ಬರೆದು ಘೋಷಿಸಬೇಕು. ಶಿರಸಿ, ಸಿದ್ದಾಪುರ ಕಡೆ ಚಿರೇಕಲ್ಲಿನ ಉದ್ದ ಪಾಗಾರಕ್ಕೇ ಲಕ್ಷಗಳು ಬೀಳುತ್ತವೆ. ಅದನ್ನು ಬರೆಯದೆ ಬಿಟ್ಟವರೇ ಜಾಸ್ತಿ.

ಹಳೆಯ ಪದ್ಧತಿಯಲ್ಲಿ 40 ಲಕ್ಷದ ಮನೆಗೆ 20 ಲಕ್ಷಕ್ಕೆ ವಿಮೆ ಮಾಡಿಸಿ 10 ಲಕ್ಷ ಹಾನಿಯಾದರೆ 5 ಲಕ್ಷ ಮಾತ್ರ ಸಿಗುತ್ತಿತ್ತು. ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ, ವಿಮಾ ಮೊತ್ತದ ಮಿತಿಯೊಳಗೆ ಪೂರ್ತಿ ಕೊಡುತ್ತಾರೆ. ಪೂರ್ತಿ ಬಿದ್ದ ಮನೆಗೆ ಮಾತ್ರ ಬರೆದಷ್ಟೇ ಗತಿ. ಹತ್ತು ವರ್ಷದವರೆಗೂ ಪಾಲಿಸಿ ತೆಗೆದುಕೊಳ್ಳಬಹುದು. ಹಲವು ವರ್ಷಕ್ಕೆ ಪಡೆದರೆ ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ಹೆಚ್ಚಿನ ಪ್ರೀಮಿಯಂ ಇಲ್ಲದೆ ತಾನೇ ಏರುತ್ತದೆ. ಮೇಲಿನ ಲೆಕ್ಕದ ಮನೆ ಎರಡನೇ ವರ್ಷ ₹25.41 ಲಕ್ಷವಾಗುತ್ತದೆ. ಅವಶೇಷ ತೆಗೆಸಲು ಕ್ಲೇಮಿನ ಶೇ 2, ಎಂಜಿನಿಯರ್ ಶುಲ್ಕಕ್ಕೆ ಶೇ 5ರವರೆಗೆ ಬೇರೆ ಉಂಟು. ಮನೆ ವಾಸಕ್ಕೆ ಬಾರದ ಅವಧಿಯ ಬಾಡಿಗೆಯೂ ಇದೆ.

ಮನೆಸಾಮಾನಿಗೆ ಕಟ್ಟಡ ಮೊತ್ತದ ಶೇ 20, ಗರಿಷ್ಠ ₹10 ಲಕ್ಷ, ತಾನಾಗಿ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ₹4.62 ಲಕ್ಷ. ಚಿನ್ನಾಭರಣಕ್ಕೆ ಐಚ್ಛಿಕ ರಕ್ಷಣೆ ಬೇರೆ ಪಡೆಯಬೇಕು, ನಗದಿಗೆ ಇಲ್ಲ. ಮಲೆನಾಡಿನವರು ಗಮನಿಸಬೇಕಾದದ್ದು ಅಟ್ಟದ ಮೇಲಿನ ಅಡಿಕೆ. ಮಾರಾಟಕ್ಕಿಟ್ಟ ಚಾಲಿ, ಕಾಳುಮೆಣಸು ಮನೆಸಾಮಾನಲ್ಲ, ದಾಸ್ತಾನು. ಹಲವು ಮನೆಗಳಲ್ಲಿ ಫ್ರಿಜ್ಜು, ಟಿವಿ, ಮಂಚ ಎಲ್ಲ ಸೇರಿದರೂ ಅಟ್ಟದ ನಾಲ್ಕು ಚೀಲದ ಬೆಲೆಗೆ ಸಮ ಬರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿಯನ್ನೇ ಕೇಳಿ. ಹೋಂಸ್ಟೇ ನಡೆಸುವ ಗೋಕರ್ಣ, ಯಾಣದ ಸುತ್ತಿನವರಿಗೂ ಇದೇ ಮಾತು. ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ವ್ಯವಹಾರದ ಕಟ್ಟಡಕ್ಕೆ ₹5 ಕೋಟಿವರೆಗಿನ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ.

ಬ್ಯಾಂಕ್ ಸಾಲ ಇದ್ದವರು ‘ನಮ್ಮದು ಆಗಲೇ ಇನ್ಶೂರ್ ಆಗಿದೆ’ ಎನ್ನುತ್ತಾರೆ. ಕಾಗದ ತೆಗೆಸಿ ನೋಡಿದರೆ ಅನೇಕ ಸಲ ಅದು ಸಾಲಗಾರ ಸತ್ತರೆ ಸಾಲ ತೀರಿಸುವ ಜೀವವಿಮೆ. ಗೋಡೆಗೂ ಅದಕ್ಕೂ ಸಂಬಂಧ ಇಲ್ಲ. ಮನೆಯ ವಿಮೆಯೇ ಆಗಿದ್ದರೂ ಸಾಲದ ಮೊತ್ತದಷ್ಟೇ ಇರಬಹುದು, ಸಾಲ ತೀರಿದ ಮೇಲೆ ನವೀಕರಣ ನಿಂತಿರಬಹುದು, ಮತ್ತು ಕ್ಲೇಮ್ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಅವಿಭಕ್ತ ಕುಟುಂಬಗಳಲ್ಲಿ ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ, ಪಾಲಿಸಿ ಮೊಮ್ಮಗನ ಹೆಸರಿನಲ್ಲಿ. ಅರಣ್ಯ ಅತಿಕ್ರಮಣ ಜಾಗದ ಮನೆಗಳಿಗೆ ಪಂಚಾಯ್ತಿ ಮನೆ ನಂಬರ್ ಮತ್ತು ತೆರಿಗೆ ರಸೀದಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಪ್ರೀಮಿಯಂ ತೆಗೆದುಕೊಳ್ಳುವಾಗ ಕೇಳದ ದಾಖಲೆಯನ್ನು ಕ್ಲೇಮ್ ವೇಳೆ ಕೇಳಿದರೆ ಕಷ್ಟ. ಮಾಲೀಕತ್ವದ ಸ್ಥಿತಿಯನ್ನು ಪ್ರಸ್ತಾವ ಪತ್ರದಲ್ಲೇ ಬರೆದು, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಮಕ್ಕಳು ಬೆಂಗಳೂರಿನಲ್ಲಿದ್ದು ತಿಂಗಳುಗಟ್ಟಲೆ ಬೀಗ ಬೀಳುವ ಮನೆಯಾದರೆ ಅದನ್ನೂ ತಿಳಿಸಿ.

ವಿಮೆ ಗೋಡೆಯನ್ನು ಹಿಡಿದು ನಿಲ್ಲಿಸುವುದಿಲ್ಲ, ಹಾಗಾಗಿ ಮನೆಯ ಬಗ್ಗೆಯೂ ಸ್ವಲ್ಪ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಚಿರೇಕಲ್ಲಿನ ಗೋಡೆ ನೇರ ಭಾರಕ್ಕೆ ಗಟ್ಟಿ, ಅಡ್ಡ ಅಲುಗಾಟಕ್ಕೆ ದುರ್ಬಲ. ಮೊದಲು ಮೂಲೆಗಳು ಬಾಯಿ ಬಿಡುತ್ತವೆ, ನಂತರ ಮಾಡಿನ ಕೆಳಗಿನ ತ್ರಿಕೋನ ಗೋಡೆ ಹೊರಕ್ಕೆ ಬೀಳುತ್ತದೆ. ಹೊಸ ಮನೆಗೆ ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡತೊಲೆ) ಮಟ್ಟದಲ್ಲಿ ಎಲ್ಲ ಗೋಡೆಗಳ ಮೇಲೂ ಕಡಿಯದಂತೆ ಸುತ್ತುವ ಆರ್‌ಸಿಸಿ ಪಟ್ಟಿ ಹಾಕಿಸಿ: ದಪ್ಪ ಕನಿಷ್ಠ 75 ಮಿ.ಮೀ., 8 ಮಿ.ಮೀ.ನ ಎರಡು ಸರಳು, ಅವನ್ನು ಜೋಡಿಸಲು 150 ಮಿ.ಮೀ.ಗೊಂದು 6 ಮಿ.ಮೀ. ಕೊಂಡಿ. ಸರಳನ್ನು ಮೂಲೆಯಲ್ಲಿ ಕತ್ತರಿಸದೆ ಬಾಗಿಸಿ ಪಕ್ಕದ ಗೋಡೆಗೆ ಒಯ್ಯಬೇಕು. ಮೇಸ್ತ್ರಿಗಳು ತಪ್ಪುವುದು ಇಲ್ಲೇ. ಕಿಟಕಿ, ಬಾಗಿಲ ಮೇಲೆ ಮಾತ್ರ ಬಿಡಿ ಲಿಂಟಲ್ ಹಾಕಿದರೆ ಅದು ಪಟ್ಟಿಯ ಕೆಲಸ ಮಾಡುವುದಿಲ್ಲ. ಹಳೆಯ ಮನೆಗೆ ಅದೇ ಮಟ್ಟದಲ್ಲಿ ಗಿಲಾವು ಕಿತ್ತು, ಒಳಗೂ ಹೊರಗೂ ವೆಲ್ಡ್ ಮೆಶ್ ಬಿಗಿದು ಸಿಮೆಂಟ್ ಗಿಲಾವು ಮಾಡಿಸಬಹುದು. ಹಂಚು ತೆಗೆದು ಸ್ಲ್ಯಾಬ್ ಹಾಕಿಸುವ ಆಸೆಯವರು ತೂಕ ನೋಡಲಿ. ರೀಪು ಸಹಿತ ಮಂಗಳೂರು ಹಂಚಿನ ಮಾಡು ಚದರ ಮೀಟರಿಗೆ ಸುಮಾರು 65 ಕಿಲೊ, 100 ಮಿ.ಮೀ. ಸ್ಲ್ಯಾಬ್ 250 ಕಿಲೊ. ಭೂಕಂಪದ ಬಲ ತೂಕಕ್ಕೆ ತಕ್ಕಂತೆ ಏರುತ್ತದೆ. ಹಳೇ ಗೋಡೆಯ ಮೇಲೆ ಸ್ಲ್ಯಾಬು, ಅದರ ಮೇಲೆ ಇಟ್ಟಿಗೆ ಕಾಲಿನ ಮೇಲೆ ಕೂತ ಸಾವಿರ ಲೀಟರಿನ ಟ್ಯಾಂಕು ಅಂದರೆ ಇನ್ನೊಂದು ಟನ್.

ಕಾರವಾರದಲ್ಲಿ ಫ್ಲ್ಯಾಟ್ ಕೊಳ್ಳುವವರು ಕೆಳ ಅಂತಸ್ತು ಪೂರ್ತಿ ಪಾರ್ಕಿಂಗ್‌ಗೆ ಬಿಟ್ಟು ಕಂಬಗಳ ಮೇಲೆ ನಿಂತ ಕಟ್ಟಡವೇ ಎಂದು ನೋಡಲಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿಗಳಲ್ಲಿ ಹೆಚ್ಚಿನವು ಇಂಥವೇ. ವಿನ್ಯಾಸ ವಲಯ 3ಕ್ಕೆ ಆಗಿದೆಯೇ, ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ಉಂಗುರದ (ಸ್ಟಿರಪ್) ತುದಿ 135 ಡಿಗ್ರಿ ಒಳಕ್ಕೆ ಬಾಗಿದೆಯೇ ಎಂದು ಬಿಲ್ಡರ್ ಹತ್ತಿರ ನಕ್ಷೆ ಕೇಳಿ. ಒಬ್ಬರೇ ತಮ್ಮ ಫ್ಲ್ಯಾಟಿಗೆ ವಿಮೆ ಮಾಡಿಸಿದರೆ ಕಂಬ, ಮೆಟ್ಟಿಲು, ಲಿಫ್ಟ್ ಕಟ್ಟುವವರು ಯಾರು? ಸಂಘದ ಹೆಸರಿನಲ್ಲಿ ಇಡೀ ಕಟ್ಟಡಕ್ಕೆ ಮಾಡಿಸಬೇಕು.

‘ಸರ್ಕಾರ ಪರಿಹಾರ ಕೊಡುತ್ತದಲ್ಲ’ ಎನ್ನುವವರಿಗೆ ಅಂಕಿ: 2022–26ರ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ ಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ ₹1.20 ಲಕ್ಷ, ಗುಡ್ಡಗಾಡಿನಲ್ಲಿ ₹1.30 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ ₹6,500. ರಾಜ್ಯ ಸರ್ಕಾರ 2019ರ ನೆರೆಯಲ್ಲಿ ₹5 ಲಕ್ಷ ಕೊಟ್ಟಿತ್ತು. ಅದು ಆ ಹೊತ್ತಿನ ತೀರ್ಮಾನ, ಹಕ್ಕಲ್ಲ.

ಯಾರಿಗೆ ಬೇಡ? ಮನೆ ಬಿದ್ದರೂ ಕೈಯ ಹಣದಲ್ಲೇ ಮತ್ತೆ ಕಟ್ಟಬಲ್ಲವರಿಗೆ, ಮತ್ತು ಒಂದೆರಡು ವರ್ಷದಲ್ಲಿ ಕೆಡವಲಿರುವ ಹಳೇ ಮನೆಯವರಿಗೆ. ಉಳಿದವರಲ್ಲಿ, ಮಣ್ಣಿನ ಗಾರೆಯ ಮನೆಯಲ್ಲಿದ್ದು ಕೈಯಲ್ಲಿ ಸ್ವಲ್ಪವೇ ಹಣ ಇರುವವರು ಗೋಡೆ ಸುತ್ತುವ ಪಟ್ಟಿ ಮತ್ತು ಧರೆಯ ನೀರುಗಾಲುವೆಗೆ ಮೊದಲು ಖರ್ಚು ಮಾಡಲಿ. ಪ್ರೀಮಿಯಂ ಅದರ ಮುಂದೆ ಚಿಲ್ಲರೆ ಹಣ.

ಹಾನಿಯಾದರೆ ಕೂಡಲೇ ಕಂಪನಿಗೆ ತಿಳಿಸಿ, ಕಂಡ 30 ದಿನದೊಳಗೆ ಕ್ಲೇಮ್ ಅರ್ಜಿ ಕೊಡಿ. ಸರ್ವೇಯರ್ ಬರುವ ಮುನ್ನ ಅವಶೇಷ ಸಾಗಿಸಬೇಡಿ. ಆದರೆ ಮಳೆ ಬೀಳದಂತೆ ತಾಡಪಾಲು ಹೊದಿಸುವುದು, ವಾಲಿದ ಗೋಡೆಗೆ ಆಸರೆ ಕೊಡುವುದು ನಿಮ್ಮ ಕರ್ತವ್ಯ, ಬಿಲ್ ಇಟ್ಟುಕೊಳ್ಳಿ. ಕಂದಾಯ ಇಲಾಖೆಯ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಘಟನೆಯ ನಂತರ ಏಳು ದಿನದೊಳಗೆ ಆದ ಕಳ್ಳತನಕ್ಕೂ ಪಾಲಿಸಿಯಲ್ಲಿ ರಕ್ಷಣೆ ಇದೆ. ಕಂಪನಿ ತಿರಸ್ಕರಿಸಿದರೆ ಅಥವಾ ಲಿಖಿತ ದೂರಿಗೆ 30 ದಿನ ಉತ್ತರ ಕೊಡದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಸಿಗುವ ಪರಿಹಾರದ ಮಿತಿ ₹50 ಲಕ್ಷ. ಶುಲ್ಕ ಇಲ್ಲ, ವಕೀಲರೂ ಬೇಡ.

ಕೊನೆಗೆ ಜಿಲ್ಲಾಡಳಿತಕ್ಕೂ ಸಹಕಾರಿ ಸಂಘಗಳಿಗೂ ಒಂದು ಕೋರಿಕೆ. ಗುಡ್ಡ ಕುಸಿತದ ಕಲಮಿನಿಂದ ಹೊರಗಿಟ್ಟ ಆ ಐದು ಸಂದರ್ಭಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಗ್ರಾಮ ಪಂಚಾಯ್ತಿಯಲ್ಲೂ ಸಂಘಗಳ ಸಾಲ ವಿಭಾಗದಲ್ಲೂ ಅಂಟಿಸಿ. ಧರೆ ಕಡಿಸಲು ಜೆಸಿಬಿಗೆ ಮುಂಗಡ ಕೊಡುವ ಮುನ್ನ ಜನ ಅದನ್ನು ಓದುವಂತಾಗಬೇಕು.

ಇಂತಿ,
ಒಬ್ಬ ಸಿವಿಲ್ ಎಂಜಿನಿಯರ್ ಮತ್ತು ಒಬ್ಬ ವಿಮಾ ಸರ್ವೇಯರ್
ಶಿರಸಿ – ಕಾರವಾರ